ಪ್ರಪೋಸಲ್ ಬರೆಯುವವರನ್ನು ಗೊತ್ತು ಮಾಡುವ ಮುಂಚೆ

ಅನುದಾನ ಕೇಳುವ ಅರ್ಜಿ, ಅಂದರೆ ಪ್ರಪೋಸಲ್ ಬರೆದುಕೊಡುವ ಫ್ರೀಲಾನ್ಸ್ ಬರಹಗಾರರು ಸಣ್ಣ ಟ್ರಸ್ಟ್‌ಗಳಿಗೆ ನೆನಪಾಗುವುದು ಕೊನೇ ದಿನಾಂಕಕ್ಕೆ ಒಂದು ವಾರ ಉಳಿದಾಗ. ಆಗ ಎಂಥವರೂ ಇಂಗ್ಲಿಷ್ ತಿದ್ದಿಕೊಡಬಹುದು, ಅಷ್ಟೇ. ನಾಲ್ಕು ವಾರವಾದರೂ ಕೊಡಿ. ಕೊನೆಯ ವಾರ ಪೂರ್ತಿ ಬಜೆಟ್ ತಾಳೆ ನೋಡುವುದಕ್ಕೇ ಇರಲಿ.

ಮೊದಲು ಕಾಗದಪತ್ರ ಒಂದೆಡೆ ಸೇರಿಸಿ: ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆಯ ನೋಂದಣಿ ಮತ್ತು 80ಜಿ ಆದೇಶ (ದಾನಿಗೆ ತೆರಿಗೆ ರಿಯಾಯಿತಿ ಸಿಗುವುದು ಇದರಿಂದ), ಸರ್ಕಾರದ ಎನ್‌ಜಿಒ ಪೋರ್ಟಲ್ ಕೊಡುವ ದರ್ಪಣ್ ಐಡಿ, ಮೂರು ವರ್ಷದ ಆಡಿಟ್ ವರದಿ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಕೇಳುವುದಾದರೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಬೇಕೇ ಬೇಕು. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ವಿದೇಶಿ ದೇಣಿಗೆಯಾದರೆ ಅದರ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ. 2020ರ ತಿದ್ದುಪಡಿಯಾದ ಮೇಲೆ ಆ ಹಣದಲ್ಲಿ ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ, ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಮಾತುಕತೆಗೆ ಕೂತಾಗ ಬರಹಗಾರರನ್ನು ಈ ಎರಡು ನಿಯಮ ಕೇಳಿನೋಡಿ. ಗೊತ್ತಿಲ್ಲದವರು ‘ಪಾಲುದಾರ ಸಂಸ್ಥೆಗಳಿಗೆ ಹಣ ಹಂಚಿ’ ಎಂದು ಚೆಂದವಾಗಿ ಬರೆದು ಇಡೀ ಅರ್ಜಿಯನ್ನೇ ಕೆಡಿಸುತ್ತಾರೆ.

ಹಳೆಯ ಪ್ರಪೋಸಲ್ ನೋಡಿ ಬರಹಗಾರರನ್ನು ಅಳೆಯುವುದು ಕಷ್ಟ, ಅದನ್ನು ಎಷ್ಟು ಜನ ತಿದ್ದಿರುತ್ತಾರೋ. ಅದರ ಬದಲು ದುಡ್ಡು ಕೊಟ್ಟು ಎರಡು ಪುಟದ ಟಿಪ್ಪಣಿ ಬರೆಸಿ. ಹೊಲಿಗೆ ತರಬೇತಿಯ ಯೋಜನೆ ಅಂದುಕೊಳ್ಳಿ. ‘ಗ್ರಾಮೀಣ ಮಹಿಳೆಯರ ಸಬಲೀಕರಣ ಇಂದಿನ ಅಗತ್ಯ’ ಎಂದು ಶುರುಮಾಡಿದರೆ ಅವರನ್ನು ಅಲ್ಲಿಗೇ ಬಿಡಿ. ಒಳ್ಳೆಯ ಬರಹಗಾರರು ಮೊದಲು ಕೇಳುವುದು, ‘ಹೋದ ವರ್ಷ ಕಲಿತ 60 ಜನರಲ್ಲಿ ಈಗ ಎಷ್ಟು ಮಂದಿ ಹೊಲಿದು ಸಂಪಾದಿಸುತ್ತಿದ್ದಾರೆ?’ 22 ಅಂದರೆ, ಉಳಿದ 38 ಮಂದಿ ಯಾಕಿಲ್ಲ ಅಂತ. ಫೀಲ್ಡ್ ಕಾರ್ಯಕರ್ತೆ ‘ಮನ್ಯಾಗ ಮಷಿನ್ ಇಲ್ರೀ’ ಅಂದ ಕೂಡಲೇ ಯೋಜನೆಯೇ ಬದಲಾಗುತ್ತದೆ: ಬಜೆಟ್‌ಗೆ ಬೇಕಾದದ್ದು ಇನ್ನೊಂದು ತರಬೇತಿಯಲ್ಲ, ಮಷಿನ್. ಹಾಗಾಗಿ ಇಂಗ್ಲಿಷ್ ಎಷ್ಟು ಮುಖ್ಯವೋ ನಿಮ್ಮ ಕಡೆಯ ಕನ್ನಡ ತಿಳಿಯುವುದೂ ಅಷ್ಟೇ ಮುಖ್ಯ. ಕಾರ್ಯಕರ್ತೆಯ ಜೊತೆ ನೇರವಾಗಿ ಮಾತಾಡದೆ ಬರೆಯಲು ಕೂರುವವರಿಗೆ ಕೆಲಸ ಕೊಡಬೇಡಿ.

ಸಂಭಾವನೆ ಇಡಿಗಂಟಾಗಿರಲಿ, ಮೂರು ಕಂತು: ಒಪ್ಪಂದವಾದಾಗ, ಮೊದಲ ಕರಡು ಬಂದಾಗ, ಸಲ್ಲಿಸಿದಾಗ. ‘ಅನುದಾನ ಬಂದರೆ ಶೇ 5 ಕೊಡಿ’ ಅನ್ನುವವರು ಅಗ್ಗವಾಗಿ ಕಾಣುತ್ತಾರೆ. ಆದರೆ ಆ ಪಾಲನ್ನು ತೋರಿಸಲು ದಾನಿಯ ಬಜೆಟ್‌ನಲ್ಲಿ ಬಾಬತ್ತೇ ಇರುವುದಿಲ್ಲ. ಮೊತ್ತ ಉಬ್ಬಿಸುವ ಆಸೆಯೂ ಹುಟ್ಟುತ್ತದೆ. ಅಮೆರಿಕದ ಗ್ರಾಂಟ್ ಪ್ರೊಫೆಷನಲ್ಸ್ ಅಸೋಸಿಯೇಷನ್‌ನ ನೀತಿಸಂಹಿತೆಯೂ ಇದನ್ನು ಒಪ್ಪುವುದಿಲ್ಲ. ಒಬ್ಬರಿಗೆ ವರ್ಷದಲ್ಲಿ ಕೊಟ್ಟದ್ದು 50,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಮುರಿದುಕೊಳ್ಳಬೇಕು; ಮೊದಲ ಮಾತುಕತೆಯಲ್ಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ಹೆಚ್ಚು ಅರ್ಜಿ ಕೆಡುವುದು ಅಂಕಿಗಳಲ್ಲಿ. ಬರಹದಲ್ಲಿ 40 ಹಳ್ಳಿ, ಬಜೆಟ್‌ನಲ್ಲಿ ಪ್ರಯಾಣಭತ್ಯೆ 36 ಹಳ್ಳಿಗೆ. ಬರಹ ಒಬ್ಬರದು, ಎಕ್ಸೆಲ್ ಅಕೌಂಟೆಂಟರದು, ನಡುವೆ ಯೋಜನೆ ಬದಲಾಗಿರುತ್ತದೆ, ಒಬ್ಬರಿಗೆ ಮಾತ್ರ ತಿಳಿದಿರುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಸಾಲು ಸಾಲಾಗಿ ಓದಿಸಿ.

ಒಪ್ಪಂದ ಒಂದು ಪುಟ ಸಾಕು: ಎಷ್ಟು ಸಲ ತಿದ್ದಿಕೊಡಬೇಕು, ಸಲ್ಲಿಸಿದ ಮೇಲೆ ದಾನಿ ಕೇಳುವ ಪ್ರಶ್ನೆಗೆ ಉತ್ತರ ಬರೆಯುವವರು ಯಾರು, ತಿದ್ದಬಹುದಾದ ಫೈಲ್ ನಿಮಗೆ ಕೊಡುತ್ತಾರಾ. ಅರ್ಜಿ ಸಲ್ಲಿಸುವ ಪೋರ್ಟಲ್‌ನ ಲಾಗಿನ್ ಮಾತ್ರ ಟ್ರಸ್ಟ್‌ನ ಇಮೇಲ್‌ನಲ್ಲೇ ತೆರೆಯಿರಿ. ಅನುದಾನ ಮಂಜೂರಾದ ಮೇಲೆ ವರದಿ ಕೇಳುವ ಮೇಲ್ ಬರುವುದು ಅದೇ ವಿಳಾಸಕ್ಕೆ.