ಏನೂ ಆಗದ ಸಿನಿಮಾದಲ್ಲಿ ನಿಮಗೇನು ಕಂಡಿತು?

ಸಿನಿಮಾದ ಬಗ್ಗೆ ಬರೆಯುತ್ತೇನೆ ಎಂದು ತಿಳಿದವರು ಮೊದಲು ಕೇಳುವುದು, ‘ಯಾವುದಾದರೂ ಒಂದು ಒಳ್ಳೆಯ ಚಿತ್ರ ಹೇಳಿ’ ಎಂದು. ನಾನು ‘ವಾಂಡಾ’ ಎನ್ನುತ್ತೇನೆ. ವಾರ ಕಳೆದ ಮೇಲೆ ಅವರೇ ಮತ್ತೆ ಸಿಗುತ್ತಾರೆ. ಈ ಸಲ ಹುಬ್ಬು ಗಂಟಿಕ್ಕಿರುತ್ತದೆ. ‘ಅದರಲ್ಲಿ ಏನೂ ಆಗುವುದೇ ಇಲ್ಲವಲ್ಲ ಮಾರಾಯರೇ! ದೊಡ್ಡ ವಿಮರ್ಶಕರೇ ಹಳಿದಿದ್ದಾರಂತೆ. ನಿಮಗೇನು ಕಂಡಿತು ಅದರಲ್ಲಿ?’ ಇಷ್ಟು ದಿನ ಅರ್ಧಂಬರ್ಧ ಉತ್ತರ ಕೊಟ್ಟು ಜಾರಿಕೊಳ್ಳುತ್ತಿದ್ದೆ. ಇಂದು ಕೂತು ಬರೆಯುತ್ತಿದ್ದೇನೆ.

ಮೊದಲ ಸಲ ನಾನೂ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಆದ್ದರಿಂದ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ.

‘ವಾಂಡಾ’ 1970ರ ಅಮೆರಿಕನ್ ಚಿತ್ರ. ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರ ಮಾಡಿದವರು ಬಾರ್ಬರಾ ಲೋಡೆನ್. ಖರ್ಚಾದದ್ದು ಸುಮಾರು 1,15,000 ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. 16 ಎಂಎಂ ಕ್ಯಾಮೆರಾ, ಲೋಡೆನ್ ಸೇರಿ ನಾಲ್ಕೇ ಜನರ ತಂಡ. ಸಾಕ್ಷ್ಯಚಿತ್ರಗಳಲ್ಲಿ ಪಳಗಿದ ನಿಕೊಲಸ್ ಪ್ರೊಫೆರೆಸ್ ಛಾಯಾಗ್ರಹಣವನ್ನೂ ಸಂಕಲನವನ್ನೂ ಮಾಡಿದರು. ಲೋಡೆನ್ ಮತ್ತು ಮೈಕೆಲ್ ಹಿಗಿನ್ಸ್ ಬಿಟ್ಟರೆ ತೆರೆಯ ಮೇಲೆ ಕಾಣುವವರಲ್ಲಿ ಹೆಚ್ಚಿನವರು ನಟರೇ ಅಲ್ಲ.

ಕಥೆ ಎರಡು ಸಾಲಿನದು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಹೆಂಗಸೊಬ್ಬಳು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಅಲೆಯುತ್ತಾ, ಸಿಡುಕು ಮೋರೆಯ ಕಳ್ಳನೊಬ್ಬನ (ಹಿಗಿನ್ಸ್) ಜೊತೆ ಸೇರಿಕೊಳ್ಳುತ್ತಾಳೆ. ಅವನು ಬ್ಯಾಂಕ್ ದೋಚಲು ಹೋಗಿ ಸಾಯುತ್ತಾನೆ, ಅವಳು ಉಳಿಯುತ್ತಾಳೆ. ಲೋಡೆನ್ ಅವರಿಗೆ ಇದರ ಎಳೆ ಸಿಕ್ಕಿದ್ದು ಒಂದು ಪತ್ರಿಕಾ ವರದಿಯಲ್ಲಿ. ಬ್ಯಾಂಕ್ ದರೋಡೆಗೆ ನೆರವಾದ ಹೆಂಗಸಿಗೆ 20 ವರ್ಷ ಸೆರೆವಾಸ ವಿಧಿಸಿದಾಗ ಆಕೆ ನ್ಯಾಯಾಧೀಶರಿಗೆ ಧನ್ಯವಾದ ಹೇಳಿದಳಂತೆ. ಸೆರೆಮನೆಗೆ ಹೋಗುವುದನ್ನೂ ನೆಮ್ಮದಿ ಎಂದುಕೊಳ್ಳುವವಳ ಬದುಕು ಎಂಥದಿದ್ದೀತು ಎಂಬ ಯೋಚನೆ ಲೋಡೆನ್ ಅವರನ್ನು ವರ್ಷಗಟ್ಟಲೆ ಬಿಡಲಿಲ್ಲ.

ಇನ್ನು ವಿಮರ್ಶಕರು. ಎಲ್ಲರೂ ಬೈದರು ಎಂದರೆ ಸುಳ್ಳಾಗುತ್ತದೆ. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂದಿತ್ತು, ನ್ಯೂಯಾರ್ಕಿನಲ್ಲೂ ಮೆಚ್ಚಿದವರಿದ್ದರು. ಆದರೆ ಆ ಕಾಲದಲ್ಲಿ ಅಮೆರಿಕದ ಓದುಗರು ಕಾದು ಓದುತ್ತಿದ್ದ ಪಾಲಿನ್ ಕೇಲ್ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇದನ್ನು ಸಪ್ಪೆ ಎಂದು ತಳ್ಳಿಹಾಕಿದರು. ಇಂಥ ಪೆದ್ದ ಹೆಣ್ಣನ್ನು ನಡುವೆ ಇಟ್ಟುಕೊಂಡರೆ ಅವಳಿಗೂ ಚಿತ್ರಕ್ಕೂ ಕೆಳಕ್ಕೆ ಇಳಿಯುವುದಲ್ಲದೆ ಬೇರೆ ದಾರಿಯಿಲ್ಲ ಎಂಬುದು ಅವರ ಮಾತಿನ ತಿರುಳು. ಅವಳಿಗೆ ಬಳಸಿದ ಪದ ಇನ್ನೂ ಕಟು, ಇಲ್ಲಿ ಬೇಡ. ಸ್ತ್ರೀವಾದಿ ಚಳವಳಿ ಕಾವೇರಿದ್ದ ಕಾಲವದು. ಅಲ್ಲಿಂದಲೂ ಆಕ್ಷೇಪ ಬಂತು. ಎದ್ದು ನಿಲ್ಲುವ ಹೆಣ್ಣು ಬೇಕಾಗಿದ್ದಾಗ ಸೋಫಾದ ಮೇಲೆ ಮಲಗಿರುವವಳನ್ನು ತೋರಿಸಿದರೆ ಯಾರಿಗೆ ಹಿಡಿಸೀತು? 1971ರಲ್ಲಿ ನ್ಯೂಯಾರ್ಕಿನಲ್ಲಿ ಬಿಡುಗಡೆಯಾದ ಚಿತ್ರ ದೇಶದ ಉಳಿದ ಕಡೆ ಹೆಚ್ಚೇನೂ ಓಡಾಡಲಿಲ್ಲ.

ನಾನು ಅರ್ಧಕ್ಕೆ ನಿಲ್ಲಿಸಿದ್ದವನು ಮತ್ತೆ ಏಕೆ ನೋಡಿದೆ? ಒಂದು ನಡಿಗೆಗಾಗಿ.

ಚಿತ್ರ ಶುರುವಾಗಿ ಕೆಲವೇ ನಿಮಿಷಗಳಾಗಿರುತ್ತವೆ. ವಾಂಡಾ ಸೋದರಿಯ ಮನೆಯಿಂದ ಹೊರಬೀಳುತ್ತಾಳೆ. ಆ ಮನೆಯಲ್ಲಿ ಅವಳು ಭಾರವೆಂಬುದು ಸೋದರಿಯ ಗಂಡನ ಮುಖದಲ್ಲೇ ಗೊತ್ತಾಗುತ್ತದೆ. ಕಲ್ಲಿದ್ದಲು ತೆಗೆದು ಸುರಿದ ಕಪ್ಪು ಬೂದು ಮಣ್ಣಿನ ದಿಬ್ಬಗಳು ಕಣ್ಣು ಹಾಯುವವರೆಗೂ ಹಬ್ಬಿವೆ. ಬಹಳ ದೂರದಲ್ಲಿ ಒಂದು ಬಿಳಿ ಚುಕ್ಕಿ. ಅದೇ ಅವಳು. ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ಚುಕ್ಕಿ ಅವಸರವಿಲ್ಲದೆ ಸಾಗುತ್ತದೆ. ಸಂಗೀತವಿಲ್ಲ. ಬೇರೆ ಯಾರಾದರೂ ಹತ್ತು ಸೆಕೆಂಡಿಗೆ ಕತ್ತರಿಸುತ್ತಿದ್ದ ಆ ಶಾಟ್ ಮುಗಿಯುವುದೇ ಇಲ್ಲ. ಮೊದಲ ಸಲ ನನ್ನ ಕೈ ರಿಮೋಟಿನ ಕಡೆಗೆ ಹೋಗಿತ್ತು. ಆದರೆ ಎಷ್ಟೋ ದಿನ ಕಳೆದ ಮೇಲೂ, ಸಿಗ್ನಲ್ಲಿನಲ್ಲಿ ನಿಂತಾಗ, ಬ್ಯಾಂಕಿನ ಸಾಲಿನಲ್ಲಿ ಕೂತಾಗ, ಆ ಬಿಳಿ ಚುಕ್ಕಿ ಕಣ್ಣ ಮುಂದೆ ನಡೆಯುತ್ತಲೇ ಇತ್ತು. ಅದೇ ವಾರ ನೋಡಿದ ಬೇರೆ ಮೂರು ಚಿತ್ರಗಳ ಹೆಸರೂ ಈಗ ನೆನಪಿಲ್ಲ.

ಎರಡನೆಯ ಸಲ ನೋಡುವಾಗ ಚಿಕ್ಕಮ್ಮ ಮನೆಗೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅವರೆಕಾಳು ಸುಲಿಯುತ್ತಾ ಪಕ್ಕದಲ್ಲೇ ಕೂತರು. ‘ಕರಿ ಮಣ್ಣಿನಲ್ಲಿ ಓಡಾಡುವವಳು ಬಿಳಿ ಬಟ್ಟೆ ಯಾಕೆ ಹಾಕಿಕೊಂಡಿದ್ದಾಳೆ, ಒಗೆಯುವವರು ಯಾರು?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ನ್ಯಾಯಾಲಯದ ದೃಶ್ಯ ಬಂತು. ವಾಂಡಾ ತಡವಾಗಿ ಬರುತ್ತಾಳೆ, ತಲೆಯಲ್ಲಿ ಇನ್ನೂ ಕೂದಲು ಸುರುಳಿ ಮಾಡುವ ಕರ್ಲರ್‌ಗಳು. ಗಂಡ ವಿಚ್ಛೇದನ ಕೇಳುತ್ತಿದ್ದಾನಲ್ಲ, ಕೊಟ್ಟುಬಿಡಿ, ಮಕ್ಕಳು ಅವನ ಜೊತೆಗಿದ್ದರೇ ಒಳ್ಳೆಯದು ಎನ್ನುತ್ತಾಳೆ. ಒಂದು ಹನಿ ಕಣ್ಣೀರಿಲ್ಲ. ನಮ್ಮ ತಾಯಿ ಸೆಂಟಿಮೆಂಟಿನ ಚಿತ್ರಗಳನ್ನು ನೋಡಿ ಬೆಳೆದವರಿಗೆ ಇದು ಹೊಟ್ಟೆಯೊಳಗೆ ಕಲ್ಲು ಬಿದ್ದಂತೆ. ಚಿಕ್ಕಮ್ಮ ‘ಥೂ’ ಎಂದರು. ಕಾಳು ಸುಲಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆಮೇಲೆ ಹೊಲಿಗೆ ಕಾರ್ಖಾನೆ. ಕೆಲಸ ಮಾಡಿದ ದಿನಗಳ ಕೂಲಿ ಎಣಿಸಿದಷ್ಟು ಬಂದಿಲ್ಲವೆಂದು ವಾಂಡಾ ಮೇಲಿನವನನ್ನು ಕೇಳುತ್ತಾಳೆ. ತೆರಿಗೆ ಕಳೆದಿದೆ ಎನ್ನುತ್ತಾನೆ. ಇನ್ನೂ ಕೆಲಸವಿದೆಯೇ ಎಂದರೆ, ಇಲ್ಲ, ನೀನು ಬಹಳ ನಿಧಾನ ಎನ್ನುತ್ತಾನೆ. ಬೈಗುಳವಿಲ್ಲ, ಗದರಿಕೆಯಿಲ್ಲ, ಮಳೆ ಬರುವಂತಿದೆ ಎಂದು ಹೇಳಿದ ಹಾಗೆ. ಚಿಕ್ಕಮ್ಮನ ಕೈ ಆಗ ನಿಂತಿತು. ಅವರು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ವರ್ಷಾನುಗಟ್ಟಲೆ ಕಾಲರ್ ಹೊಲಿದವರು. ‘ಏನಂದ ಅವನು? ನಿಧಾನ ಅಂದನಾ?’ ಎಂದು ಕೇಳಿದರು. ಹೌದು ಎಂದೆ. ‘ಟಾರ್ಗೆಟ್ ಮುಟ್ಟಿರಲಿಕ್ಕಿಲ್ಲ’ ಎಂದು ಮತ್ತೆ ಕಾಳಿಗೆ ಕೈ ಹಾಕಿದರು.

ನನ್ನ ಉತ್ತರ ಸಿಕ್ಕಿದ್ದು ಅಲ್ಲೇ. ಚಿತ್ರ ನಿಧಾನ ಎಂದ ವಿಮರ್ಶಕರ ಮಾತು ಸುಳ್ಳಲ್ಲ. ಆದರೆ ಅದು ಆ ಕಾರ್ಖಾನೆಯವನ ಮಾತೇ. ಚಿತ್ರದುದ್ದಕ್ಕೂ ವಾಂಡಾಳನ್ನು ಕಂಡವರೆಲ್ಲ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ: ಚುರುಕಾಗು, ಏನಾದರೂ ಆಗು, ಇಲ್ಲದಿದ್ದರೆ ದಾರಿ ಬಿಡು. ಕಳ್ಳ ಡೆನಿಸ್ ಅಂತೂ, ನಿನ್ನ ಹತ್ತಿರ ಏನೂ ಇಲ್ಲ, ಅಂದರೆ ನೀನು ಏನೂ ಅಲ್ಲ, ಸತ್ತ ಹಾಗೆಯೇ ಎಂದು ಮುಖಕ್ಕೇ ಹೇಳುತ್ತಾನೆ. ಹಾಗಾದರೆ ಸತ್ತಿದ್ದೇನೆ ಅಂತ ಕಾಣುತ್ತದೆ ಎನ್ನುತ್ತಾಳೆ ಅವಳು. ಪ್ರೇಕ್ಷಕನಾಗಿ ನಾನು ರಿಮೋಟಿಗೆ ಕೈ ಹಾಕಿದ್ದೂ ಅದೇ ಸಾಲಿಗೆ ಸೇರುತ್ತದೆ. ಅವಳ ವೇಗಕ್ಕೆ ತನ್ನ ವೇಗ ಇಳಿಸಿಕೊಂಡದ್ದು ಕ್ಯಾಮೆರಾ ಒಂದೇ.

ದರೋಡೆಕೋರ ಜೋಡಿಯ ಚಿತ್ರ ‘ಬಾನಿ ಆ್ಯಂಡ್ ಕ್ಲೈಡ್’ ಬಂದು ಆಗ ಮೂರೇ ವರ್ಷವಾಗಿತ್ತು. ಕಳ್ಳರ ಜೋಡಿ ಎಂದರೆ ಚೆಲುವು, ಪ್ರೇಮ, ಗುಂಡಿನ ಮಳೆ ಎಂದು ಜನ ಕಾದಿದ್ದರು. ಲೋಡೆನ್ ಕೊಟ್ಟದ್ದು ತಲೆನೋವಿನಿಂದ ನರಳುವ, ಕನ್ನಡಕದ, ನಡುವಯಸ್ಸಿನ ಕಳ್ಳನನ್ನು. ನುಣುಪಾದ ಚಿತ್ರಗಳನ್ನು ಕಂಡರೆ ತನಗಾಗದು ಎಂದು ಅವರೇ ಹೇಳಿಕೊಂಡಿದ್ದಾರೆ.

ಆ ಇಬ್ಬರೂ ಮೊದಲ ಬಾರಿ ಜೊತೆಗೆ ಉಣ್ಣುವ ದೃಶ್ಯವನ್ನು ನಾನು ಐದಾರು ಸಲ ನೋಡಿದ್ದೇನೆ. ಹೋಟೆಲಿನಲ್ಲಿ ಸ್ಪಾಗೆಟ್ಟಿ. ಅವನ ಊಟ ಮುಗಿದಿದೆ, ಮುಖ ಸಿಂಡರಿಸಿಕೊಂಡು ಕೂತಿದ್ದಾನೆ. ಅವಳು ಬಾಯಿಗೆಲ್ಲ ಮೆತ್ತಿಕೊಂಡು ತಿನ್ನುತ್ತಾಳೆ. ಬಾಯಿ ಒರೆಸಿಕೋ ಎನ್ನುತ್ತಾನೆ. ಅವಳಿಗೆ ಅದರ ಪರಿವೆಯಿಲ್ಲ. ಕಣ್ಣು ಅವನು ಮುಟ್ಟದೆ ಬಿಟ್ಟ ಬ್ರೆಡ್ಡಿನ ಮೇಲೆ. ನಿಮಗೆ ಬೇಡವಾ, ಅದೇ ಎಲ್ಲಕ್ಕಿಂತ ರುಚಿ ಎನ್ನುತ್ತಾಳೆ. ಊಟದ ಕೊನೆಗೆ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದವರಿಗೆ ಆ ಮಾತು ಅರ್ಥವಾಗುತ್ತದೆ. ಏನೂ ಬೇಡವೆನ್ನುವವಳಂತೆ ಕಾಣುವ ಹೆಂಗಸಿಗೆ ರುಚಿ ಗೊತ್ತಿದೆ. ಕೇಲ್ ಕಂಡ ಪೆದ್ದಿಯಲ್ಲಿ ನನಗೆ ಕಂಡದ್ದು ಇದು.

ಲೋಡೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಅನುಕಂಪ ಬಂದು ಚಿತ್ರ ಮರೆಯಾಗುತ್ತದೆ. 1932ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದವರು, ರಂಗಭೂಮಿಯಲ್ಲಿ ಹೆಸರು ಮಾಡಿದವರು, ನಿರ್ದೇಶಕ ಎಲಿಯಾ ಕಜಾನ್ ಅವರ ಪತ್ನಿ. ಪೂರ್ಣಪ್ರಮಾಣದ ಚಿತ್ರ ಮಾಡಿದ್ದು ಇದೊಂದೇ. 1980ರಲ್ಲಿ ಕ್ಯಾನ್ಸರ್ ಅವರನ್ನು ಕೊಂದಿತು, 48ನೇ ವಯಸ್ಸಿಗೆ. ಫ್ರಾನ್ಸಿನಲ್ಲಿ ಲೇಖಕಿ ಮಾರ್ಗರಿತ್ ದ್ಯುರಾ, ಆಮೇಲೆ ನಟಿ ಇಸಾಬೆಲ್ ಹ್ಯುಪೆರ್ ಈ ಚಿತ್ರವನ್ನು ಎತ್ತಿಹಿಡಿದರು. ಒಂದು ಲ್ಯಾಬ್ ಬಾಗಿಲು ಮುಚ್ಚುವಾಗ ಮೂಲ ರೀಲುಗಳು ಕಸ ಸೇರುವುದು ಸ್ವಲ್ಪದರಲ್ಲಿ ತಪ್ಪಿತು. 2010ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಚಿತ್ರಸಂಗ್ರಹಾಲಯ ಅದನ್ನು ಪುನರುಜ್ಜೀವನಗೊಳಿಸಿತು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು. ಇದನ್ನು ನೋಡಿ ನಿಮಗೆ ಚಿತ್ರ ಇಷ್ಟವಾಗಬೇಕಿಲ್ಲ. ಪಟ್ಟಿಗೆ ಸೇರಿತೆಂದು ಮೆಚ್ಚುವುದೂ ವಿಮರ್ಶಕರು ಬೈದರೆಂದು ಬಿಡುವುದೂ ಒಂದೇ ಸೋಮಾರಿತನ.

ಕೊನೆಯ ದೃಶ್ಯ ಹೇಳಿದರೆ ಗುಟ್ಟೇನೂ ಒಡೆಯುವುದಿಲ್ಲ. ದಾರಿಬದಿಯ ಒಂದು ಗಡಂಗಿನಲ್ಲಿ ಪಿಟೀಲು ಬಾರಿಸುತ್ತಿದ್ದಾರೆ. ಗುರುತಿಲ್ಲದ ಜನರ ನಡುವೆ ವಾಂಡಾ ಒತ್ತರಿಸಿಕೊಂಡು ಕೂತಿದ್ದಾಳೆ. ಯಾರೋ ತಿನ್ನಲು ಕೊಡುತ್ತಾರೆ, ಯಾರೋ ಸಿಗರೇಟು. ಅವಳ ಮುಖ ಕೆಳಗೆ ಬಾಗುತ್ತದೆ, ಚಿತ್ರ ಹಾಗೇ ನಿಂತುಬಿಡುತ್ತದೆ.

‘ಮುಗಿಯಿತಾ?’ ಎಂದರು ಚಿಕ್ಕಮ್ಮ.

‘ಮುಗಿಯಿತು.’

‘ಸದ್ಯ, ತಿನ್ನಲಿಕ್ಕಾದರೂ ಕೊಟ್ಟರಲ್ಲ’ ಎಂದು ಸಿಪ್ಪೆಯ ಮೊರ ಎತ್ತಿಕೊಂಡು ಒಳಗೆ ಹೋದರು.