ಜ್ಯೋತಿಬಾಗ ಏರಿಸೋ ದವನ

ಮಹಾರಾಷ್ಟ್ರದ ಗಡಿಯಾಗಿರೋ ನಮ್ಮ ಜತ್ತದ ಕಡೆ ಹುಣ್ಣಿಮಿಗೆಲ್ಲಾ ಒಂದೊಂದು ಹೆಸರು, ಕಾರಹುಣ್ಣಿಮಿ, ಶೀಗಿಹುಣ್ಣಿಮಿ, ಬನದಹುಣ್ಣಿಮಿ ಹಿಂಗ, ಆದ್ರ ಹೆಸರು ತಗೊಂಡ ಕೂಡಲೇ ಮೂಗಿಗೆ ವಾಸನಿ ಹೊಡಿಯೋದು ಚೈತ್ರದ್ದು ಮಾತ್ರ, ದವನದ ಹುಣ್ಣಿಮಿ. ದವನ ಅಂದ್ರ ದೇವರಿಗೆ ಏರಿಸೋ ಘಮಘಮ ಸೊಪ್ಪು.

ಈ ಸಲ ಆಯಿನ್ನ ಕರ್ಕೊಂಡು ಜ್ಯೋತಿಬಾ ದೇವರ ಗುಡ್ಡಕ್ಕ ಹೋಗಿದ್ವಿ, ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರ್, ವಾಡಿ ರತ್ನಾಗಿರಿ. ಯಾಕರ ಹುಣ್ಣಿಮಿ ದಿನಾನ ಬಂದ್ವಿ ಅಂತ ಟ್ರಾಫಿಕ್‌ನ್ಯಾಗ ಎರಡು ತಾಸು ನಿಂತಾಗ ಅನಿಸ್ತು, ಖರೆ ಮ್ಯಾಲೆ ಹೋಗಿ ಆ ಉದ್ದನ್ನ ಸಾಸನಕಾಠಿಗೋಳು (ದೇವರ ನಿಶಾನಿ ಕೋಲು) ಕುಣೀತಾ ಬರೋದು, ಗುಲಾಲು ಒಣಕೊಬ್ರಿ ಹಾರೋದು, "ಚಾಂಗಭಲಂ" ಅಂತ ಕೂಗು ಏಳೋದು ನೋಡಿದ್ರ ಎಲ್ಲಾ ಮರತೇ ಹೋತು.

ಮೆಟ್ಟಲ ಬಾಜೂಕ ಒಬ್ಬಾಕಿ "ದವಣಾ ಘ್ಯಾ ದವಣಾ" ಅಂತ ಕುಂತಿದ್ಲು. ಆಯಿ "ಪೆಂಡಿಗೆ ಎಷ್ಟ ತಂಗಿ?" ಅಂದ್ಲು, ಆಕಿ ಮರಾಠಿದಾಗ ರೇಟ್ ಹೇಳಿದ್ಲು, ವ್ಯಾಪಾರ ಮುಗೀತು.

ದವನ, ದವಣಾ, ಎರಡೂ ಒಂದೇ ಬೇರಿಂದು. ಸಂಸ್ಕೃತದಾಗ ಅದು ದಮನ, ದಮನಕ. ಮ ಹೋಗಿ ವ ಆಗೇತಿ, ಗ್ರಾಮ ಮರಾಠಿದಾಗ ಗಾಂವ ಆದಂಗ, ಕುಮಾರ ನಮ್ಮಲ್ಲಿ ಕುವರ ಆದಂಗ. ದಮನ ಅಂದ್ರ ಹತ್ತಿಕ್ಕೋದು, ಸೊಕ್ಕು ಮುರಿಯೋದು. ಪಂಚತಂತ್ರದಾಗಿನ ಚಾಡಿಕೋರ ನರಿ ದಮನಕಂದೂ ಇದೇ ಹೆಸರು ನೋಡ್ರಿ! ಮೆತ್ತನ್ನ ಬೂದಿಬಣ್ಣದ ಸೊಪ್ಪಿಗೆ ಇಂಥಾ ಬಿರುಸು ಹೆಸರು ಯಾಕಪಾ ಅಂದ್ರ ಅದಕ್ಕ ಅಗ್ನಿಪುರಾಣದಾಗ ಒಂದು ಕಥಿ ಐತಿ. ಶಿವನ ಸಿಟ್ಟಿನಿಂದ ಭೈರವ ಹುಟ್ಟಿದ, ಹುಟ್ಟಿದವ ದೇವತೆಗಳನ್ನೇ ದಮನ ಮಾಡಾಕ ಹತ್ತಿದ, ಆಗ ಶಿವ ಭೂಮಿ ಮ್ಯಾಲೆ ಗಿಡ ಆಗಿ ಬೀಳು ಅಂತ ಶಾಪ ಕೊಟ್ಟ, ಆಮ್ಯಾಲೆ ತಾನೇ ಕರಗಿ ನಿನ್ನ ಎಲಿಯಿಂದ ಪೂಜಾ ಮಾಡಿದವರಿಗೆ ಫಲ ಸಿಗತೈತಿ ಅಂತ ವರಾನೂ ಕೊಟ್ಟ. ಅಂದ್ರ ಎಲ್ಲಾರನ್ನೂ ತುಳಿಯಾಕ ಹೋದವ ಈಗ ಹತ್ತಿಪ್ಪತ್ತು ರೂಪಾಯಿ ಪೆಂಡಿಯಾಗಿ ದೇವರ ಪಾದದಾಗ ಬಿದ್ದಾನ. ಇದನ್ನ ಪಾಳಿಯಾಗ ನಿಂತಾಗ ಆಯಿಗೆ ಹೇಳಿದೆ. ಆಕಿ ಪೆಂಡಿ ಮೂಸಿ ನೋಡಿ "ಅದಕ್ಕ ಇಷ್ಟು ಘಮಾ ಅಂತಾನ ನೋಡು, ಸಿಟ್ಟ ಇಳದ ಮ್ಯಾಲೆ" ಅಂದ್ಲು. ಜ್ಯೋತಿಬಾನ ಆವಾರದಾಗ ಕಾಲಭೈರವನ ಗುಡಿನೂ ಐತಿ, ಅಲ್ಲಿ ಅರ್ಧಾ ಪೆಂಡಿ ಬಿಚ್ಚಿ ಇಟ್ಲು.

ಉಳಿದ ಅರ್ಧಾ ಮನಿಗೆ ಬಂತು. ಆಯಿ ಟ್ರಂಕ್ ತಗದು ಇಳಕಲ್ಲ ಸೀರಿ ಮಡಿಕಿ ಸರಸಿದ್ಲು, ಒಳಗ ಹೋದ ವರ್ಷದ್ದು ಕರ್ರಗಾಗಿ ಪುಡಿಪುಡಿ ಆಗಿತ್ತು, ವಾಸನಿ ಮಾತ್ರ ಹಂಗ ಇತ್ತು. ಹೊಸಾದು ಇಟ್ಟು, ಹಳೇ ಪುಡಿ ಉಡ್ಯಾಗ ಬಳಕೊಂಡು ಹೋಗಿ ತುಳಸಿಕಟ್ಟಿಗೆ ಹಾಕಿದ್ಲು.