ಅನಿಲದ ಪೈಪಿನೊಳಗೆ ಫೈಬರ್ ಕೇಬಲ್: ವಿನ್ಯಾಸದ ಲೆಕ್ಕ ಮತ್ತು ದುರಸ್ತಿ ತಂಡದ ಪ್ರಶ್ನೆ

ನಾನು ನಗರ ಅನಿಲ ವಿತರಣೆಯ ವಿನ್ಯಾಸ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬೆಂಗಳೂರಿನ ಬಡಾವಣೆಗಳಲ್ಲಿ ನಾವು ಈಗಾಗಲೇ ಹೂತಿರುವ ಪಾಲಿಎಥಿಲೀನ್ ಪೈಪುಗಳ ಒಳಗೇ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯಲು ಅವಕಾಶ ಕೇಳಿ ದೂರಸಂಪರ್ಕ ಸಂಸ್ಥೆಯೊಂದು ಪ್ರಸ್ತಾವ ಸಲ್ಲಿಸಿದಾಗ ಅದನ್ನು ಪರಿಶೀಲಿಸುವ ಹೊಣೆ ನಮ್ಮ ವಿಭಾಗಕ್ಕೆ ಬಂತು. ರಸ್ತೆ ಅಗೆಯಲು ಅನುಮತಿ ಸಿಗದೆ ಮರದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ ಕೇಬಲ್ ಕಟ್ಟುವ ಊರಿನಲ್ಲಿ ಇಂಥ ಬೇಡಿಕೆಯನ್ನು ನೋಡಿದೊಡನೆ ತಳ್ಳಿಹಾಕುವಂತಿರಲಿಲ್ಲ.

ಈ ಆಲೋಚನೆ ಹೊಸದೂ ಅಲ್ಲ. 2000ದ ದಶಕದ ಆರಂಭದಲ್ಲಿಯೇ ಅಮೆರಿಕದ ಸೆಂಪ್ರಾ ಎನರ್ಜಿಯ ಅಂಗಸಂಸ್ಥೆಯೊಂದು ಅನಿಲ ಹರಿಯುತ್ತಿರುವ ವಿತರಣಾ ಪೈಪಿನೊಳಗೆ ಫೈಬರ್ ಅಳವಡಿಸುವ ತಂತ್ರವನ್ನು ರೂಪಿಸಿತ್ತು. ಇಂಥ ಜೋಡಿ ವ್ಯವಸ್ಥೆಯ ನಿರ್ವಹಣೆಗೆಂದೇ ಎಎಸ್‌ಟಿಎಂ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಒಂದು ಮಾನದಂಡವನ್ನೂ ರೂಪಿಸಿತ್ತು. ಪೈಪಿಗೆ ವಿಶೇಷ ಫಿಟ್ಟಿಂಗ್ ಕೂರಿಸಿ, ಸೀಲಿನ ಮೂಲಕ ಡಕ್ಟ್ ಎಂಬ ತೆಳುವಾದ ಕೊಳವೆಯನ್ನು ಒಳಕ್ಕೆ ತಳ್ಳಿ, ದೂರದ ಇನ್ನೊಂದು ಫಿಟ್ಟಿಂಗಿನಿಂದ ಹೊರತೆಗೆದು, ಆ ಡಕ್ಟಿನೊಳಗೆ ಕೇಬಲ್ ಹಾಯಿಸುವುದು ಇದರ ಕ್ರಮ. ಇಲ್ಲಿ ಮುಖ್ಯ ತೊಡಕು ತಿರುವುಗಳದ್ದು: ಘರ್ಷಣಾಂಕ 0.2 ಎಂದು ಹಿಡಿದರೆ 90 ಡಿಗ್ರಿಯ ನಾಲ್ಕು ತಿರುವುಗಳನ್ನು ದಾಟುವಷ್ಟರಲ್ಲಿ ಎಳೆತ ಸುಮಾರು ಮೂರೂವರೆ ಪಟ್ಟಾಗುತ್ತದೆ. ಇದಕ್ಕೆ ಪರಿಹಾರವಿದೆ: ತಿರುವುಗಳ ನಡುವೆ ಪ್ರವೇಶದ್ವಾರಗಳನ್ನು ಹೆಚ್ಚಿಸಿದರಾಯಿತು. ಆದರೆ ಒಂದೊಂದು ದ್ವಾರಕ್ಕೂ ಒಂದೊಂದು ಗುಂಡಿ ತೋಡಬೇಕು.

ನಮ್ಮನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಅನಿಲದ ಹರಿವಿನ ಲೆಕ್ಕ. ಮನೆಗಳ ಸಾಲಿಗೆ ಹೋಗುವ 63 ಮಿ.ಮೀ. ಪೈಪಿನ ಒಳವ್ಯಾಸ ಸುಮಾರು 51 ಮಿ.ಮೀ.; ಅದರಲ್ಲಿ 20 ಮಿ.ಮೀ. ಡಕ್ಟ್ ಇಟ್ಟರೆ ಶೇ. 15ರಷ್ಟು ಜಾಗ ಮಾತ್ರ ಹೋಗುತ್ತದೆ ಎಂದು ಪ್ರಸ್ತಾವದಲ್ಲಿ ಬರೆದಿತ್ತು, ಮತ್ತು ಅದು ನಿಜವೇ. ಆದರೆ ಅನಿಲಕ್ಕೆ ಈಗ ಪೈಪಿನ ಗೋಡೆಯ ಜೊತೆಗೆ ಡಕ್ಟಿನ ಹೊರಮೈಯೂ ತಾಗುವುದರಿಂದ, ವೇಗ ಹೆಚ್ಚಿದ್ದನ್ನೂ ಉಜ್ಜುವ ಮೈ ಹೆಚ್ಚಿದ್ದನ್ನೂ ಕೂಡಿಸಿ ನೋಡಿದರೆ, ಅಷ್ಟೇ ಅನಿಲ ಸಾಗಿಸಲು ಒತ್ತಡದ ನಷ್ಟ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಡಕ್ಟ್ ನಟ್ಟನಡುವೆ ನಿಲ್ಲದೆ ತಳದಲ್ಲಿ ಮಲಗುವುದರಿಂದ ವಾಸ್ತವದಲ್ಲಿ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ, ನಿಜ. ಆದರೂ ಸಂಜೆ ಎಲ್ಲರೂ ಒಲೆ ಹಚ್ಚುವ ಹೊತ್ತಿನಲ್ಲಿ ಸಾಲಿನ ಕೊನೆಯ ಮನೆಗೆ ಉಳಿಯುವ ಒತ್ತಡವನ್ನು ಶೇ. 15 ಎಂಬ ಅಂಕಿಯಿಂದ ಅಳೆಯಲಾಗದು. ಅದೇ ಡಕ್ಟ್ 125 ಮಿ.ಮೀ. ಪೈಪಿನಲ್ಲಿದ್ದರೆ ನಷ್ಟ ಮೂರನೇ ಒಂದು ಭಾಗದಷ್ಟು ಮಾತ್ರ ಏರುತ್ತದೆ.

ಅನಿಲ ಡಕ್ಟಿನ ಗೋಡೆಯ ಮೂಲಕ ಅತಿ ನಿಧಾನವಾಗಿ ಒಳಸೇರಿ, ಕೇಬಲ್ಲಿನ ಗುಂಟ ಸಾಗಿ, ದೂರಸಂಪರ್ಕದ ಚೇಂಬರಿಗೋ ಕಟ್ಟಡದ ನೆಲಮಾಳಿಗೆಗೋ ತಲುಪಬಹುದು ಎಂಬುದು ಮತ್ತೊಂದು ಆತಂಕ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಹೊರಬರುವ ಪ್ರತಿ ಜಾಗದಲ್ಲೂ ಅನಿಲತಡೆ ಕೂರಿಸಿ ಗಾಳಿಗಂಡಿ ಬಿಡಬೇಕು. ಪ್ರಸ್ತಾವದಲ್ಲಿ ಇವೆರಡೂ ಇದ್ದವು.

ವಿನ್ಯಾಸದವರಾದ ನಮ್ಮ ಮಟ್ಟಿಗೆ ವಿಷಯ ಇಲ್ಲಿಗೆ ಬಹುತೇಕ ಮುಗಿದಿತ್ತು. ನಿರ್ವಹಣಾ ವಿಭಾಗದ ಅಭಿಪ್ರಾಯ ಕೇಳುವುದು ಪದ್ಧತಿಯಾದ್ದರಿಂದ ಅವರನ್ನೂ ಸಭೆಗೆ ಕರೆದಿದ್ದೆವು. ಅಲ್ಲಿ ತುರ್ತು ದುರಸ್ತಿ ತಂಡದ ಮೇಲ್ವಿಚಾರಕರು, "ಸರ್, ಜೆಸಿಬಿ ತಗುಲಿ ಪೈಪ್ ಹರಿದಾಗ ನಾವು ಮೊದಲು ಸ್ಕ್ವೀಜ್ ಹಾಕುತ್ತೇವೆ. ಒಳಗೆ ಕೇಬಲ್ ಇದ್ದರೆ ಏನು ಮಾಡಬೇಕು?" ಎಂದು ಕೇಳಿದರು.

ಪಾಲಿಎಥಿಲೀನ್ ಪೈಪಿನ ಬಹುದೊಡ್ಡ ಅನುಕೂಲವೇ ಅದು: ಸ್ಥಿರವಿದ್ಯುತ್ತಿನ ಕಿಡಿ ಏಳದಂತೆ ಒದ್ದೆ ಬಟ್ಟೆ ಸುತ್ತಿ, ಎರಡು ಸರಳುಗಳ ನಡುವೆ ಪೈಪನ್ನು ಗೋಡೆಗೆ ಗೋಡೆ ತಾಗುವಷ್ಟು ಒತ್ತಿದರೆ ಅನಿಲ ನಿಲ್ಲುತ್ತದೆ, ಹತ್ತಿರದಲ್ಲಿ ವಾಲ್ವ್ ಇರಬೇಕೆಂದೂ ಇಲ್ಲ. ಒಳಗೆ ಡಕ್ಟ್ ಇದ್ದರೆ ಗೋಡೆಗಳು ಕೂಡುವುದಿಲ್ಲ. ಡಕ್ಟಿನ ಎರಡೂ ಬದಿಯ ಸಂದಿಗಳಿಂದ ಅನಿಲ ನುಗ್ಗುತ್ತಲೇ ಇರುತ್ತದೆ, ಇನ್ನಷ್ಟು ಒತ್ತಿದರೆ ಪೈಪೇ ಹಾಳಾಗುತ್ತದೆ. ಹಾಗಾದರೆ ಕೇಬಲ್ ಕತ್ತರಿಸಬೇಕು. ಆ ಕೇಬಲ್ಲನ್ನು ಯಾವುದಾದರೂ ಆಸ್ಪತ್ರೆಯೋ ಬ್ಯಾಂಕೋ ನೆಚ್ಚಿಕೊಂಡಿದ್ದರೆ, ಅನಿಲ ಸೋರುತ್ತಿರುವ ಗುಂಡಿಯ ಬಳಿ ನಿಂತಿರುವ ತಂಡ ಯಾರ ಅಪ್ಪಣೆಗೆ ಕಾಯಬೇಕು? ಕತ್ತರಿಸಿದ ಮೇಲೂ ಕೆಲಸ ಮುಗಿಯದು. ಫೈಬರ್ ಬೆಸೆಯುವ ಯಂತ್ರ ವಿದ್ಯುತ್ ಕಿಡಿಯಿಂದಲೇ ಗಾಜನ್ನು ಕರಗಿಸುತ್ತದೆ. ಅದನ್ನು ಆ ಗುಂಡಿಯ ಹತ್ತಿರಕ್ಕೂ ತರುವಂತಿಲ್ಲ. ಪೈಪಿನೊಳಗೆ ಜೋಡಣೆ ಬಿಡುವಂತೆಯೂ ಇಲ್ಲವಾದ್ದರಿಂದ ಎರಡು ದ್ವಾರಗಳ ನಡುವಿನ ಇಡೀ ಕೇಬಲ್ಲನ್ನು ಹೊರಗೆಳೆದು ಹೊಸದನ್ನು ಹಾಯಿಸಬೇಕು. ಜೆಸಿಬಿಯ ಹಲ್ಲಿಗೆ ಡಕ್ಟ್ ಸಿಕ್ಕಿ ಎಳೆದರೆ ಆ ಎಳೆತ ದೂರದ ಸೀಲಿಗೆ ತಲುಪಿ ಅಲ್ಲಿ ಎರಡನೆಯ ಸೋರಿಕೆ ಶುರುವಾಗಬಹುದು ಎಂಬುದನ್ನೂ ಅವರೇ ಹೇಳಿದರು. ನಮ್ಮ ಯಾವ ನಕ್ಷೆಯೂ ಇದನ್ನು ತೋರಿಸುತ್ತಿರಲಿಲ್ಲ.

ದೂರ ಸಾಗಣೆಯ ಉಕ್ಕಿನ ಕೊಳವೆಮಾರ್ಗದಲ್ಲಾದರೆ ಈ ಚರ್ಚೆಯೇ ಹುಟ್ಟುವುದಿಲ್ಲ. ಒಳಗನ್ನು ಶುಚಿಮಾಡುವ, ಗೋಡೆಯ ಸವೆತ ಅಳೆಯುವ ಪಿಗ್ ಎಂಬ ಸಾಧನ ಅಲ್ಲಿ ಪೈಪಿನ ಪೂರ್ತಿ ಅಗಲಕ್ಕೆ ಓಡಬೇಕು, ಪ್ರತಿ ವಾಲ್ವ್ ಪೂರ್ತಿ ಮುಚ್ಚಬೇಕು. ಆದ್ದರಿಂದಲೇ ಗೇಲ್ ಸಂಸ್ಥೆ ತನ್ನ ಕೊಳವೆಮಾರ್ಗಗಳ ಪಕ್ಕದಲ್ಲಿ, ಪೈಪಿನ ಹೊರಗೆ, ಫೈಬರ್ ಹೂಳುತ್ತದೆ. ಹೊರಗಿನ ಕೇಬಲ್ಲಿಗೆ ಇನ್ನೊಂದು ಉಪಯೋಗವಿದೆ: ಒತ್ತಡ ಒಂದು ಬಾರ್ ಇಳಿದರೆ ಮೀಥೇನ್ ಸುಮಾರು ಅರ್ಧ ಡಿಗ್ರಿ ತಣ್ಣಗಾಗುವುದರಿಂದ, ಅಧಿಕ ಒತ್ತಡದ ಪೈಪು ಸೋರಿದ ಜಾಗದ ಮಣ್ಣಿನ ತಂಪನ್ನು ಅದು ಗುರುತಿಸಬಲ್ಲದು, ಹತ್ತಿರದಲ್ಲಿ ಯಾರಾದರೂ ಅಗೆಯತೊಡಗಿದರೆ ಆ ಕಂಪನವನ್ನೂ ಹಿಡಿಯಬಲ್ಲದು.

ಜಲಜನಕದ ಮಾತನ್ನು ಎತ್ತಿದವನು ನಾನು. ಇಂದೋರಿನಲ್ಲಿ 2022ರಲ್ಲೇ ನೈಸರ್ಗಿಕ ಅನಿಲಕ್ಕೆ ಜಲಜನಕ ಬೆರೆಸುವ ಪ್ರಯೋಗ ಆರಂಭವಾಗಿದೆ. ಜಲಜನಕದ ಅಣು ಪ್ಲಾಸ್ಟಿಕ್ಕನ್ನೂ ಗಾಜನ್ನೂ ಹೊಕ್ಕು ಫೈಬರಿನೊಳಗೆ ಬೆಳಕಿನ ನಷ್ಟವನ್ನು ಹೆಚ್ಚಿಸುತ್ತದೆ. ಇಂದು ಹಾಯಿಸಿದ ಕೇಬಲ್ ನಾಳೆಯ ಅನಿಲಕ್ಕೆ ಹೊಂದಬೇಕೆಂದಿಲ್ಲ.

ಕೊನೆಗೆ ನಾವು ಬರೆದ ಶಿಫಾರಸು ಹೀಗಿತ್ತು: 125 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಪೈಪು, ಮನೆ ಸಂಪರ್ಕಗಳಿಲ್ಲದ ಭಾಗ, ಎರಡೂ ತುದಿಯಲ್ಲಿ ವಾಲ್ವ್, ಆ ವಾಲ್ವುಗಳ ಬಳಿ ಪೈಪಿನಿಂದ ಹೊರಬಂದು ಅವನ್ನು ಸುತ್ತಿ ಸಾಗುವ ಕೇಬಲ್, ಮತ್ತು ದುರಸ್ತಿ ತಂಡಕ್ಕೆ ಯಾರನ್ನೂ ಕೇಳದೆ ಕೇಬಲ್ ಕತ್ತರಿಸುವ ಲಿಖಿತ ಅಧಿಕಾರ. ಹಾಗೆ ಸೋಸಿದಾಗ ರೈಲು ಹಳಿ, ದೊಡ್ಡ ರಸ್ತೆ ದಾಟುವ ಕೆಲವು ತುಂಡುಗಳು ಮಾತ್ರ ಉಳಿದವು. ದೂರಸಂಪರ್ಕ ಸಂಸ್ಥೆಗೆ ಬೇಕಿದ್ದುದು ಮನೆಬಾಗಿಲಿನವರೆಗಿನ ದಾರಿ. ಮುಂದೆ ಅಗೆಯುವ ಹೊಸ ರಸ್ತೆಗಳಲ್ಲಿ ನಮ್ಮ ಕಂದಕದಲ್ಲೇ ನಿಗದಿತ ಅಂತರ ಬಿಟ್ಟು ಖಾಲಿ ಡಕ್ಟ್ ಹೂಳುವ ಬಗ್ಗೆ ಈಗ ಮಾತುಕತೆ ನಡೆದಿದೆ. ತಂತ್ರಜ್ಞಾನದ ಮಟ್ಟಿಗೆ ಅದರಲ್ಲಿ ತಕರಾರಿಲ್ಲ. ಅಗೆತದ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.